ಹೊಸ ಲ್ಯಾಪ್‌ಟಾಪ್ ಕೊಳ್ಳುವ ಮೊದಲು

ಕಂಪೈಲರ್ ಕೆಲಸಕ್ಕೆ ಇಳಿಯಬೇಕೆಂದು ಹೊರಟ ವಿದ್ಯಾರ್ಥಿಗಳು ಅದರ ಸೋರ್ಸ್ ಕೋಡಿನ ಒಂದು ಸಾಲನ್ನೂ ಓದುವ ಮುಂಚೆಯೇ ಕೈಬಿಡುವುದುಂಟು. ಎಲ್‌ಎಲ್‌ವಿಎಂ ಅಥವಾ ಜಿಸಿಸಿ ಎಂಬ ಕಂಪೈಲರಿನ ಕೋಡ್ ಇಳಿಸಿಕೊಂಡು ಬಿಲ್ಡ್ ಶುರು ಮಾಡಿರುತ್ತಾರೆ. ಊಟ ಮುಗಿಸಿ ಬಂದರೂ ಅದು ಮುಗಿದಿರುವುದಿಲ್ಲ, ಸಂಜೆಯಾದರೂ ಮುಗಿಯುವುದಿಲ್ಲ, ಕೊನೆಗೆ ಮೌಸ್ ಬಾಣವೂ ಅಲುಗದಂತಾಗಿ ಪವರ್ ಬಟನ್ ಒತ್ತಿ ಹಿಡಿಯಬೇಕಾಗುತ್ತದೆ. ಆಮೇಲೆ ಬರುವ ತೀರ್ಮಾನ ಸಾಮಾನ್ಯವಾಗಿ ಒಂದೇ: ‘ಇದು ನನ್ನ ಲ್ಯಾಪ್‌ಟಾಪಿನಿಂದ ಆಗುವ ಕೆಲಸವಲ್ಲ.’ ಬೆಂಗಳೂರಿನ ದೊಡ್ಡ ಕಂಪನಿಯ ಇಂಜಿನಿಯರಿಗೆ ಇದರಿಂದ ಹೆಚ್ಚಿನ ನಷ್ಟವಿಲ್ಲ. ಇನ್ನೂ ದೊಡ್ಡ ಮೆಷಿನ್ ಬೇಕೆಂದು ಕೇಳಿ ಪಡೆಯಬಹುದು. ಸವಣೂರು ತಾಲ್ಲೂಕಿನ ಯಲವಿಗಿಯಿಂದಲೋ, ಶಿಗ್ಗಾಂವಿ, ಹಾನಗಲ್ಲ, ಹಿರೇಕೆರೂರುಗಳಿಂದಲೋ ಹಾವೇರಿಯ ದೇವಗಿರಿಯಲ್ಲಿ 2007ರಲ್ಲಿ ಶುರುವಾದ ಸರಕಾರಿ ಇಂಜಿನಿಯರಿಂಗ್ ಕಾಲೇಜಿಗೆ ಓಡಾಡುವವರ ಪಾಲಿಗೆ ಅದೇ ತೀರ್ಮಾನ ಒಂದು ಇಡೀ ಕ್ಷೇತ್ರದ ಬಾಗಿಲನ್ನು ಮುಚ್ಚಿಬಿಡುತ್ತದೆ. ಆ ತೀರ್ಮಾನ ಬಹುಮಟ್ಟಿಗೆ ತಪ್ಪು ಎಂಬುದು ನನ್ನ ವಾದ. ಅಸಹಜವಾಗಿ ತಡವಾಗುವ ಬಿಲ್ಡ್ ತನ್ನ ಕಾರಣವನ್ನು ತಾನೇ ಹೇಳುತ್ತಿರುತ್ತದೆ. ಅದನ್ನು ಓದಲು ಕಲಿತವರಿಗೆ ಪರಿಹಾರ ಹೆಚ್ಚಾಗಿ ದುಡ್ಡು ಖರ್ಚಿಲ್ಲದೆ ಸಿಗುತ್ತದೆ. ಹಾಗೆ ಓದುವುದನ್ನು ನಮ್ಮ ಇಂಜಿನಿಯರಿಂಗ್ ಶಿಕ್ಷಣ ಪಾಠವೆಂದೇ ಪರಿಗಣಿಸಬೇಕು.

‘ಅಸಹಜ’ ಎನ್ನುವಾಗ ಯಾವುದಕ್ಕೆ ಹೋಲಿಸಿ ಹೇಳುತ್ತಿದ್ದೇವೆ ಎಂಬುದನ್ನು ಮೊದಲು ಕೇಳಿಕೊಳ್ಳಬೇಕು. ಜಿಸಿಸಿಯ ಉದಾಹರಣೆ ಇದಕ್ಕೆ ಚೆನ್ನಾಗಿ ಒಪ್ಪುತ್ತದೆ. ಸಂರಚನೆಯಲ್ಲಿ ಏನನ್ನೂ ಬದಲಿಸದೆ ಜಿಸಿಸಿ ಬಿಲ್ಡ್ ಮಾಡಿದರೆ ಅದು ಒಂದು ಸಲ ಕಂಪೈಲ್ ಆಗಿ ನಿಲ್ಲುವುದಿಲ್ಲ. ಮೊದಲ ಹಂತದಲ್ಲಿ, ಈಗಾಗಲೇ ಕಂಪ್ಯೂಟರಿನಲ್ಲಿರುವ ಹಳೆಯ ಕಂಪೈಲರ್ ಹೊಸ ಜಿಸಿಸಿಯನ್ನು ತಯಾರಿಸುತ್ತದೆ. ಎರಡನೆಯ ಹಂತದಲ್ಲಿ ಹಾಗೆ ತಯಾರಾದ ಜಿಸಿಸಿ ತನ್ನದೇ ಕೋಡನ್ನು ಮತ್ತೆ ಕಂಪೈಲ್ ಮಾಡುತ್ತದೆ. ಮೂರನೆಯದರಲ್ಲಿ ಎರಡನೆಯದರ ಫಲ ಇನ್ನೊಮ್ಮೆ ಅದೇ ಕೆಲಸ ಮಾಡುತ್ತದೆ. ಕೊನೆಗೆ ಎರಡನೆಯ ಮತ್ತು ಮೂರನೆಯ ಹಂತಗಳ ಫೈಲುಗಳನ್ನು ಹೋಲಿಸಿ ಎರಡೂ ಒಂದೇ ಇವೆಯೇ ಎಂದು ನೋಡಲಾಗುತ್ತದೆ. ಇದಕ್ಕೆ ಬೂಟ್‌ಸ್ಟ್ರ್ಯಾಪ್ ಎನ್ನುತ್ತಾರೆ. ಇಲ್ಲೊಂದು ಸೂಕ್ಷ್ಮವಿದೆ. ಹಳೆಯ ಕಂಪೈಲರಿನಲ್ಲಿ ದೋಷವಿದ್ದರೂ ತೊಂದರೆಯಾಗಬಾರದೆಂದು ಮೊದಲ ಹಂತವನ್ನು ಆಪ್ಟಿಮೈಸೇಶನ್ ಇಲ್ಲದೆ ಕಟ್ಟುವುದು ರೂಢಿ. ಹಾಗಾಗಿ ಮೊದಲ ಹಂತದಿಂದ ಹೊರಬರುವ ಕಂಪೈಲರ್ ತಾನೇ ಮಂದಗತಿಯದು, ಎರಡನೆಯ ಹಂತವನ್ನು ನಡೆಸುವುದೂ ಅದೇ. ಮೊದಲ ಹಂತ ಬೇಗ ಮುಗಿದು ಎರಡನೆಯದು ಎಳೆಯತೊಡಗಿದಾಗ ‘ಮೆಷಿನ್ ಕೈಕೊಟ್ಟಿತು’ ಎಂದುಕೊಳ್ಳುವವರು ನಿಜಕ್ಕೂ ನೋಡುತ್ತಿರುವುದು ವಿನ್ಯಾಸದಲ್ಲೇ ಇರುವ ನಿಧಾನವನ್ನು. ಬಿಡುಗಡೆಯಾದ ಆವೃತ್ತಿಯ ಬದಲು ಅಭಿವೃದ್ಧಿ ಹಂತದ ಕೋಡ್ ತೆಗೆದುಕೊಂಡಿದ್ದರೆ ಇನ್ನೊಂದು ಭಾರ ಸೇರುತ್ತದೆ: ಆ ಕೋಡಿನಲ್ಲಿ ಕಂಪೈಲರ್ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಆಂತರಿಕ ತಪಾಸಣೆಗಳು ತಾವಾಗಿಯೇ ಚಾಲೂ ಇರುತ್ತವೆ. ಇದರ ಮೇಲೆ, ಬೇಡವೆಂದು ಹೇಳದಿದ್ದರೆ ಫೋರ್ಟ್ರಾನ್‌ನಂಥ ಭಾಷೆಗಳೂ, 64 ಬಿಟ್ ಕಂಪ್ಯೂಟರಿನಲ್ಲಿ 32 ಬಿಟ್ ಲೈಬ್ರರಿಗಳೂ ಜೊತೆಯಲ್ಲೇ ಬಿಲ್ಡ್ ಆಗುತ್ತವೆ. ಗೆಳೆಯನ ಕಂಪ್ಯೂಟರಿನಲ್ಲಿ ಮುಕ್ಕಾಲು ಗಂಟೆಯಲ್ಲಿ ಮುಗಿದದ್ದು ನನ್ನದರಲ್ಲಿ ಮೂರು ಗಂಟೆ ಹಿಡಿಯಿತು ಎಂಬ ಮಾತಿಗೆ, ಇಬ್ಬರೂ ಒಂದೇ ಕೆಲಸವನ್ನು ಮಾಡಿಸಿದ್ದಾರೆಯೇ ಎಂದು ತಿಳಿಯುವತನಕ ಅರ್ಥವಿಲ್ಲ.

ಕೆಲಸ ಒಂದೇ ಎಂದು ಖಚಿತವಾದ ಮೇಲೆ ಅಳತೆಗೆ ಬರಬೇಕು. ಯುನಿಕ್ಸ್ ಮಾದರಿಯ ಯಾವ ಕಂಪ್ಯೂಟರಿನಲ್ಲಾದರೂ ಸಿಗುವ ‘ಟೈಮ್’ ಕಮಾಂಡಿನಷ್ಟು ಉಪಯುಕ್ತವಾದ, ಆದರೂ ಇಷ್ಟು ಕಡೆಗಣಿಸಲ್ಪಟ್ಟ ಉಪಕರಣ ಇನ್ನೊಂದಿಲ್ಲ. ಬಿಲ್ಡ್ ಕಮಾಂಡಿನ ಮುಂದೆ ಅದನ್ನು ಸೇರಿಸಿದರೆ ಸಾಕು, ಕೊನೆಯಲ್ಲಿ ಮೂರು ಸಂಖ್ಯೆಗಳು ಬರುತ್ತವೆ. ‘ರಿಯಲ್’ ಎಂದರೆ ಗೋಡೆ ಗಡಿಯಾರದ ಸಮಯ. ‘ಯೂಸರ್’ ಎಂದರೆ ಎಲ್ಲ ಕೋರ್‌ಗಳೂ ಕಂಪೈಲರಿನ ಸ್ವಂತ ಕೆಲಸಕ್ಕೆ ಕೊಟ್ಟ ಒಟ್ಟು ಸಮಯ. ‘ಸಿಸ್’ ಎಂದರೆ ಫೈಲು ತೆರೆಯುವುದು, ಮೆಮೊರಿ ಹಂಚುವುದು ಮುಂತಾದ ಕೆಲಸಗಳಿಗಾಗಿ ಆಪರೇಟಿಂಗ್ ಸಿಸ್ಟಮ್ ತೆಗೆದುಕೊಂಡ ಸಮಯ. ನಾಲ್ಕು ಕೋರ್‌ಗಳ ಲ್ಯಾಪ್‌ಟಾಪಿನಲ್ಲಿ ಒಂದು ಬಿಲ್ಡಿಗೆ 60 ನಿಮಿಷ ಹಿಡಿಯಿತು ಎನ್ನೋಣ. ಯೂಸರ್, ಸಿಸ್ ಎರಡೂ ಕೂಡಿ 220 ನಿಮಿಷ ಬಂದರೆ ನಾಲ್ಕೂ ಕೋರ್‌ಗಳು ಹೆಚ್ಚುಕಡಿಮೆ ಪೂರ್ತಿ ದುಡಿದಿವೆ; ಕೆಲಸವೇ ಅಷ್ಟು ದೊಡ್ಡದು, ಅದನ್ನು ಕಡಿಮೆ ಮಾಡುವ ದಾರಿ ಹುಡುಕಬೇಕು. ನಾಲ್ಕಕ್ಕೂ ಕೆಲಸ ಹಂಚಿದ್ದರೂ ಅದೇ ಮೊತ್ತ 50 ನಿಮಿಷ ಬಂದರೆ, ಸರಾಸರಿ ಒಂದು ಕೋರ್ ಕೂಡ ಪೂರ್ತಿಯಾಗಿ ಕೆಲಸ ಮಾಡಿಲ್ಲ. ಪ್ರೊಸೆಸರ್ ಸುಮ್ಮನೆ ಕೂತು ಯಾವುದಕ್ಕೋ ಕಾಯುತ್ತಿತ್ತು. ಈ ಎರಡನೆಯ ಸಂದರ್ಭದಲ್ಲಿ ಇನ್ನೂ ವೇಗದ ಪ್ರೊಸೆಸರ್ ಇರುವ ಲ್ಯಾಪ್‌ಟಾಪ್ ಕೊಂಡರೆ ಅದೂ ಅಷ್ಟೇ ಹೊತ್ತು ಕಾಯುತ್ತ ಕೂತಿರುತ್ತದೆ. ಎಷ್ಟೋ ಮನೆಗಳಲ್ಲಿ ಸಾಲ ಮಾಡಿ ಕೊಳ್ಳುವ ವಸ್ತುವಿನ ಬಗ್ಗೆ ಇಷ್ಟು ಖಚಿತವಾದ ಉತ್ತರವನ್ನು ಒಂದು ಕಮಾಂಡ್ ಕೊಡುತ್ತಿರುವಾಗ, ಅದನ್ನು ಕೇಳದೆ ಅಂಗಡಿಗೆ ಹೋಗುವುದು ನನಗೆ ಸಂಕಟದ ವಿಷಯವಾಗಿ ಕಾಣುತ್ತದೆ.

ಕಾಯುತ್ತಿರುವುದು ಯಾವುದಕ್ಕೆ? ಕಡಿಮೆ ಮೆಮೊರಿಯ ಲ್ಯಾಪ್‌ಟಾಪುಗಳಲ್ಲಿ ಮೊದಲು ಅನುಮಾನಿಸಬೇಕಾದದ್ದು ಸ್ವಾಪ್ ಅನ್ನು, ಅಂದರೆ ಮೆಮೊರಿ ಸಾಲದಾದಾಗ ಡಿಸ್ಕನ್ನೇ ಮೆಮೊರಿಯಂತೆ ಬಳಸುವುದನ್ನು. ಎಲ್‌ಎಲ್‌ವಿಎಂನ ಡಿಬಗ್ ಬಿಲ್ಡನ್ನೇ ನೋಡಿ. ಡಿಬಗ್ ಮಾಹಿತಿಯ ಗಾತ್ರ ದೊಡ್ಡದು. ಅದೇ ಲೈಬ್ರರಿಗಳು ಹತ್ತಾರು ಸಲಕರಣೆಗಳೊಳಗೆ ಮತ್ತೆ ಮತ್ತೆ ಸೇರಿಕೊಳ್ಳುತ್ತವೆ. ಎಲ್‌ಎಲ್‌ವಿಎಂ ಮತ್ತು ಅದರ ಸಿ, ಸಿ++ ಕಂಪೈಲರಾದ ಕ್ಲ್ಯಾಂಗ್ ಎರಡರ ಪೂರ್ತಿ ಬಿಲ್ಡಿಗೆ 15ರಿಂದ 20 ಜಿಬಿ ಡಿಸ್ಕ್ ಜಾಗ ಬೇಕೆಂದು ಆ ಯೋಜನೆಯ ಕೈಪಿಡಿಯೇ ಹೇಳುತ್ತ ಬಂದಿದೆ. ಸಾವಿರಾರು ಸಣ್ಣ ಫೈಲುಗಳನ್ನು ಕಂಪೈಲ್ ಮಾಡುವಾಗ ಮೆಮೊರಿಗೆ ಅಷ್ಟೇನೂ ತ್ರಾಸಿಲ್ಲ. ಅವನ್ನೆಲ್ಲ ಜೋಡಿಸಲು ಕೊನೆಗೆ ಬರುವ ಲಿಂಕ್ ಹಂತದಲ್ಲಿ ಒಂದೊಂದು ಲಿಂಕರೂ ಹಲವು ಜಿಬಿ ಕೇಳಬಹುದು. ನಿಂಜಾ ಎಂಬ ಬಿಲ್ಡ್ ಸಲಕರಣೆ, ನಾವೇನೂ ಹೇಳದಿದ್ದರೆ, ಕೋರ್‌ಗಳ ಸಂಖ್ಯೆಗಿಂತ ಎರಡು ಹೆಚ್ಚು ಕೆಲಸಗಳನ್ನು ಒಟ್ಟಿಗೆ ಹಚ್ಚುತ್ತದೆ. ಕಂಪ್ಯೂಟರಿಗೆ ಎಂಟು ಕೋರ್ ಕಂಡರೆ ಹತ್ತು ಕೆಲಸ. ‘ಮೇಕ್’ ಎಂಬ ಇನ್ನೊಂದು ಬಿಲ್ಡ್ ಸಲಕರಣೆಗೆ ಸಮಾನಾಂತರದ ಸೂಚನೆ ಕೊಟ್ಟು ಎಷ್ಟು ಎಂಬ ಸಂಖ್ಯೆಯನ್ನು ಬಿಟ್ಟರೆ ಮಿತಿಯೇ ಇರುವುದಿಲ್ಲ. 8 ಜಿಬಿ ಮೆಮೊರಿಯಲ್ಲಿ ಹತ್ತು ಲಿಂಕರ್‌ಗಳು ಒಮ್ಮೆಲೇ ಎದ್ದರೆ ಉಳಿದದ್ದು ಸ್ವಾಪಿಗೆ ಹೋಗುತ್ತದೆ, ಹಳೆಯ ಹಾರ್ಡ್ ಡಿಸ್ಕಿನಲ್ಲಿ ಅದು ಹೆಚ್ಚುಕಡಿಮೆ ನಿಂತೇಬಿಡುತ್ತದೆ. ಹುಬ್ಬಳ್ಳಿಯಿಂದ ಹಾವೇರಿಯತ್ತ ಹೋಗುವ ಹಳಿ ಒಂಟಿಯಾಗಿದ್ದ ಕಾಲವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಅಂಥ ಹಳಿಗೆ ಇನ್ನೂ ನಾಲ್ಕು ರೈಲು ಬಿಟ್ಟರೆ ಯಾರೂ ಬೇಗ ಊರು ಸೇರುವುದಿಲ್ಲ, ಯಲವಿಗಿಯಂಥ ಸ್ಟೇಶನ್ನುಗಳಲ್ಲಿ ಕ್ರಾಸಿಂಗಿಗೆ ನಿಂತ ರೈಲುಗಳಷ್ಟೇ ಹೆಚ್ಚುತ್ತವೆ. ಸ್ವಾಪಿನ ಈ ಓಡಾಟವನ್ನು ಕಣ್ಣಾರೆ ಕಾಣಬಹುದು. ಬಿಲ್ಡ್ ನಡೆಯುತ್ತಿರುವಾಗ ಇನ್ನೊಂದು ಟರ್ಮಿನಲ್ಲಿನಲ್ಲಿ ‘ವಿಎಂಸ್ಟ್ಯಾಟ್ 1’ ಎಂದು ಕೊಟ್ಟರೆ ಸೆಕೆಂಡಿಗೊಂದು ಸಾಲು ಇಳಿಯುತ್ತ ಹೋಗುತ್ತದೆ. ಅದರಲ್ಲಿ ‘ಎಸ್‌ಐ’, ‘ಎಸ್‌ಒ’ ಎಂಬ ಎರಡು ಕಾಲಮ್ಮುಗಳು ಸ್ವಾಪಿನಿಂದ ಒಳಗೆ ಬಂದ, ಸ್ವಾಪಿಗೆ ಹೊರಗೆ ಹೋದ ಮೆಮೊರಿಯ ಲೆಕ್ಕ. ಅವು ಸೊನ್ನೆಯಾಗಿದ್ದರೆ ಈ ಅನುಮಾನವನ್ನು ಬಿಡಬಹುದು. ಸಾವಿರಗಳಲ್ಲಿ ಕುಣಿಯುತ್ತ, ಅದೇ ಸಾಲಿನಲ್ಲಿ ಡಿಸ್ಕಿಗಾಗಿ ಕಾದ ಸಮಯ ತೋರಿಸುವ ‘ಡಬ್ಲ್ಯುಎ’ ಕಾಲಮ್ಮೂ ಏರಿದ್ದರೆ ಕಾರಣ ಸಿಕ್ಕಿತು. ಪರಿಹಾರವೂ ಸರಳ. ಡಿಬಗ್ ಬದಲು ರಿಲೀಸ್ ಬಿಲ್ಡ್ ಆರಿಸುವುದು. ಲಿಂಕ್ ಕೆಲಸಗಳನ್ನು ಒಂದಕ್ಕೋ ಎರಡಕ್ಕೋ ಮಿತಿಗೊಳಿಸುವುದು, ಅದಕ್ಕೆಂದೇ ಎಲ್‌ಎಲ್‌ವಿಎಂನಲ್ಲಿ ಪ್ರತ್ಯೇಕ ಸೌಲಭ್ಯವಿದೆ. ಎಲ್‌ಎಲ್‌ಡಿಯಂಥ ವೇಗದ ಲಿಂಕರ್ ಬಳಸುವುದು. ಹದಿನೈದಕ್ಕೂ ಹೆಚ್ಚು ಬಗೆಯ ಪ್ರೊಸೆಸರುಗಳಿಗೆ ಕೋಡ್ ಹುಟ್ಟಿಸುವ ಭಾಗಗಳನ್ನೆಲ್ಲ ಕಟ್ಟುವ ಬದಲು ತನ್ನ ಕಂಪ್ಯೂಟರಿಗೆ ಬೇಕಾದ ಒಂದನ್ನೇ ಕಟ್ಟುವುದು. ಇವುಗಳಲ್ಲಿ ಯಾವುದಕ್ಕೂ ಒಂದು ರೂಪಾಯಿ ಖರ್ಚಿಲ್ಲ.

ಉಳಿದ ಕಾರಣಗಳನ್ನು ಬೇಗ ಹೇಳಿ ಮುಗಿಸಬಹುದು. ವಿಂಡೋಸಿನಲ್ಲಿ ಬಿಲ್ಡ್ ಹುಟ್ಟಿಸುವ ಸಾವಿರಾರು ಸಣ್ಣ ಫೈಲುಗಳನ್ನು ಆಂಟಿವೈರಸ್ ಒಂದೊಂದಾಗಿ ತೆರೆದು ನೋಡುತ್ತದೆ. ಈ ಹೊರೆ ಎಷ್ಟು ನಿಜವೆಂದರೆ ಮೈಕ್ರೋಸಾಫ್ಟ್ 2023ರಲ್ಲಿ ಡೆವಲಪರುಗಳಿಗಾಗಿಯೇ ‘ಡೆವ್ ಡ್ರೈವ್’ ಎಂಬ ಪ್ರತ್ಯೇಕ ವ್ಯವಸ್ಥೆ ತಂದಿತು. ವಿಂಡೋಸಿನೊಳಗೆ ಲಿನಕ್ಸ್ ನಡೆಸುವವರು ಕೋಡನ್ನು ಸಿ ಡ್ರೈವಿನಲ್ಲಿಟ್ಟು ಲಿನಕ್ಸ್ ಕಡೆಯಿಂದ ಬಿಲ್ಡ್ ಮಾಡಿದರೆ ಪ್ರತಿ ಫೈಲೂ ಎರಡು ವ್ಯವಸ್ಥೆಗಳ ಗಡಿ ದಾಟಬೇಕಾಗುತ್ತದೆ. ಕೋಡನ್ನು ಲಿನಕ್ಸಿನ ಫೈಲ್ ವ್ಯವಸ್ಥೆಯೊಳಗೇ ಇಟ್ಟುಕೊಂಡರೆ ಸಾಕು. ವೈಶಾಖದ ಬಿಸಿಲಲ್ಲಿ, ಹಾಸಿಗೆಯ ಮೇಲಿಟ್ಟ ಲ್ಯಾಪ್‌ಟಾಪ್ ಕಾದು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಕರೆಂಟ್ ಹೋಗಿ ಬ್ಯಾಟರಿಯ ಮೇಲೆ ನಡೆಯುವಾಗಲೂ ಎಷ್ಟೋ ಲ್ಯಾಪ್‌ಟಾಪುಗಳು ಹಾಗೆಯೇ ಮಾಡುತ್ತವೆ. ಇನ್ನು, ಬಿಲ್ಡ್ ನಡುವೆ ನಿಂತರೆ ಎಲ್ಲವನ್ನೂ ಅಳಿಸಿ ಮೊದಲಿನಿಂದ ಶುರು ಮಾಡುವ ಅಭ್ಯಾಸವೊಂದಿದೆ. ಮೇಕ್ ಆಗಲಿ ನಿಂಜಾ ಆಗಲಿ ಇರುವುದೇ ಮುಗಿದದ್ದನ್ನು ಬಿಟ್ಟು ಉಳಿದದ್ದನ್ನು ಮಾಡಲಿಕ್ಕೆ.

ನನ್ನ ವಾದಕ್ಕೆ ಬರುವ ಮೊದಲ ಆಕ್ಷೇಪಣೆ ಗಟ್ಟಿಯಾದದ್ದು: ಹಾರ್ಡ್‌ವೇರ್ ಅಗ್ಗ, ಮನುಷ್ಯರ ಸಮಯ ದುಬಾರಿ, ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವ ಬದಲು ದೊಡ್ಡ ಮೆಷಿನ್ ತಂದರೆ ಮುಗಿಯಿತಲ್ಲ? ಈ ಮಾತಿಗೆ ಗೂಗಲ್ ಕಂಪನಿಯ ಅನುಭವವೇ ಉತ್ತರ. ಹಾರ್ಡ್‌ವೇರಿಗೆ ಅಲ್ಲಿ ಕೊರತೆಯಿರಲಿಲ್ಲ. ಆದರೂ 2007ರ ಸುಮಾರಿಗೆ ದೊಡ್ಡದೊಂದು ಸಿ++ ಪ್ರೋಗ್ರಾಂ, ಭಾರೀ ಕಂಪ್ಯೂಟರ್ ಸಮೂಹದ ಮೇಲೆ ಹಂಚಿ ಕಂಪೈಲ್ ಮಾಡಿದರೂ, ಸುಮಾರು 45 ನಿಮಿಷ ತೆಗೆದುಕೊಳ್ಳುತ್ತಿತ್ತು ಎಂದು ಆಗ ಅಲ್ಲಿದ್ದ ಇಂಜಿನಿಯರ್ ರಾಬ್ ಪೈಕ್ ಹೇಳಿದ್ದಾರೆ. ಅದೇ ವರ್ಷ ಅಲ್ಲಿನ ಇಂಜಿನಿಯರುಗಳು ಮುಖ್ಯ ಪ್ರೋಗ್ರಾಂ ಒಂದರ ಬಿಲ್ಡನ್ನು ಅಳೆದರು. ಸುಮಾರು 2000 ಫೈಲುಗಳು, ಒಟ್ಟು ಗಾತ್ರ ಬರೀ 4.2 ಎಂಬಿ. ಪ್ರತಿ ಫೈಲೂ ತನಗೆ ಬೇಕಾದ ಹೆಡರುಗಳನ್ನು, ಆ ಹೆಡರುಗಳು ತಮಗೆ ಬೇಕಾದ ಹೆಡರುಗಳನ್ನು ಎಳೆದುಕೊಂಡು ಬಂದ ಮೇಲೆ ಕಂಪೈಲರಿನ ಬಾಯಿಗೆ ಬೀಳುತ್ತಿದ್ದದ್ದು 8 ಜಿಬಿಗೂ ಹೆಚ್ಚು. ಬರೆದ ಒಂದೊಂದು ಅಕ್ಷರಕ್ಕೆ ಕಂಪೈಲರ್ ಎರಡು ಸಾವಿರ ಅಕ್ಷರ ಓದುತ್ತಿತ್ತು. ಇದು ದ್ವಿಗುಣ ತ್ರಿಗುಣವಲ್ಲ; ಎರಡು ಸಾವಿರ ಪಟ್ಟಿನ ಈ ಪೋಲನ್ನು ಯಾವ ಮೆಷಿನ್ ತಡೆದೀತು? 2009ರಲ್ಲಿ ಗೂಗಲ್ ಬಹಿರಂಗಪಡಿಸಿದ ‘ಗೋ’ ಭಾಷೆಯ ರಚನೆಯಲ್ಲಿ ಈ ಅಳತೆಯ ಗುರುತು ಕಾಣುತ್ತದೆ: ಬಳಸದ ಪ್ಯಾಕೇಜನ್ನು ಕರೆದರೆ ಅಲ್ಲಿ ಎಚ್ಚರಿಕೆ ಬರುವುದಿಲ್ಲ, ಕಂಪೈಲೇ ಆಗುವುದಿಲ್ಲ. ಲಿನಕ್ಸ್ ಕರ್ನಲ್ಲಿನದೂ ಇಂಥದೇ ಕಥೆ. ಅದರ ಡೆವಲಪರುಗಳಲ್ಲೊಬ್ಬರಾದ ಇಂಗೊ ಮೊಲ್ನಾರ್ ಒಂದು ವರ್ಷಕ್ಕೂ ಹೆಚ್ಚು ಕಾಲ ಹೆಡರುಗಳ ಸಿಕ್ಕನ್ನು ಬಿಡಿಸುತ್ತ ಹೋಗಿ 2022ರ ಜನವರಿಯಲ್ಲಿ 2,200ಕ್ಕೂ ಹೆಚ್ಚು ಬದಲಾವಣೆಗಳನ್ನು ಮುಂದಿಟ್ಟರು; ಕರ್ನಲ್ ಬಿಲ್ಡಿನ ವೇಗ ಶೇಕಡಾ 50ರಿಂದ 80ರಷ್ಟು ಹೆಚ್ಚಿತೆಂಬುದು ಅವರ ಲೆಕ್ಕ. ಅಷ್ಟು ದೊಡ್ಡ ಬದಲಾವಣೆ ಇಡಿಯಾಗಿ ಮುಖ್ಯ ಕರ್ನಲ್ಲಿಗೆ ಸೇರಲಿಲ್ಲ, ನಿಜ. ಆದರೆ ಮೂವತ್ತು ವರ್ಷ ಎಲ್ಲರೂ ಸಹಿಸಿಕೊಂಡು ಬಂದ ತಡದಲ್ಲಿ ಎಷ್ಟು ಭಾಗ ಅನಗತ್ಯವಾಗಿತ್ತು ಎಂಬುದನ್ನು ಅದು ತೋರಿಸಿತು. ಇಂಥ ಕೆಲಸಕ್ಕೆ ಬೇಕಾದ ಉಪಕರಣ ಇಂದು ಯಾರಿಗಾದರೂ ಎಟಕುತ್ತದೆ. 2019ರಲ್ಲಿ ಕ್ಲ್ಯಾಂಗ್ 9ರೊಂದಿಗೆ ಬಂದ ‘ಟೈಮ್ ಟ್ರೇಸ್’ ಸೌಲಭ್ಯ, ಒಂದು ಫೈಲನ್ನು ಕಂಪೈಲ್ ಮಾಡುವಾಗ ಯಾವ ಹೆಡರಿಗೆ ಎಷ್ಟು ಸಮಯ ಹೋಯಿತು, ಯಾವ ಟೆಂಪ್ಲೇಟಿಗೆ ಎಷ್ಟು ಎಂಬುದನ್ನು ಚಿತ್ರವಾಗಿ ತೋರಿಸುತ್ತದೆ. ಅದನ್ನು ಸೇರಿಸಿದವರು ಅರಾಸ್ ಪ್ರಾಂಕೆವಿಚಿಯಸ್. ಕಂಪೈಲರ್ ಕಟ್ಟುವ ಕಸುಬಿನವರಲ್ಲ, ಆಗ ಗೇಮ್ ಎಂಜಿನ್ ಒಂದರ ಇಂಜಿನಿಯರ್ ಆಗಿದ್ದವರು.

ಇನ್ನೊಂದು ಆಕ್ಷೇಪಣೆ: ಸೋರ್ಸಿನಿಂದ ಬಿಲ್ಡ್ ಮಾಡುವ ಅಗತ್ಯವಾದರೂ ಏನು? ಸಿದ್ಧ ಪ್ಯಾಕೇಜ್ ಇದೆ, ಎರಡು ನಿಮಿಷದಲ್ಲಿ ಇಳಿಯುತ್ತದೆ. ಬರೀ ಬಳಸುವವರಿಗೆ ಈ ಮಾತು ಸರಿ, ಅವರು ಹಾಗೆಯೇ ಮಾಡಬೇಕು. ಬದಲಿಸಬೇಕೆನ್ನುವವರಿಗೆ ಬೇರೆ ದಾರಿಯಿಲ್ಲ. ಕಂಪೈಲರ್ ಅಧ್ಯಯನಕ್ಕೆ ಕರ್ನಾಟಕದಲ್ಲಿ ಒಳ್ಳೆಯ ಪರಂಪರೆಯೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವೈ. ಎನ್. ಶ್ರೀಕಾಂತ್ ಮತ್ತು ಪ್ರೀತಿ ಶಂಕರ್ ಸಂಪಾದಿಸಿದ ಕಂಪೈಲರ್ ವಿನ್ಯಾಸದ ಕೈಪಿಡಿ 2002ರಲ್ಲೇ ಅಂತರರಾಷ್ಟ್ರೀಯವಾಗಿ ಪ್ರಕಟವಾಯಿತು. ಅದೇ ಸಂಸ್ಥೆಯ ಉದಯ ಬೊಂಡುಗುಲ, ಪ್ಲೂಟೊ ಎಂಬ ಸ್ವಯಂ ಸಮಾನಾಂತರೀಕರಣದ ಕಂಪೈಲರನ್ನು ರೂಪಿಸಿದವರು, ಎಐ ಲೋಕದಲ್ಲಿ ಇಂದು ವ್ಯಾಪಕವಾಗಿ ಬಳಕೆಯಲ್ಲಿರುವ ಎಂಎಲ್‌ಐಆರ್ ಎಂಬ ಕಂಪೈಲರ್ ಚೌಕಟ್ಟಿನ ಕುರಿತ 2021ರ ಪ್ರಬಂಧದ ಲೇಖಕರಲ್ಲೊಬ್ಬರು. ಆ ಎಂಎಲ್‌ಐಆರ್ ಇರುವುದು ಎಲ್‌ಎಲ್‌ವಿಎಂ ಕೋಡಿನ ಒಳಗೇ. ಅದಕ್ಕೆ ಒಂದು ಸಾಲು ಸೇರಿಸಬೇಕೆನ್ನುವವರೂ ಮೊದಲು ಎಲ್‌ಎಲ್‌ವಿಎಂ ಬಿಲ್ಡ್ ಮಾಡಲೇಬೇಕು. ನಮ್ಮ ರಾಜ್ಯದಲ್ಲೇ ನಡೆಯುತ್ತಿರುವ ಈ ಕೆಲಸಕ್ಕೆ ಹಾವೇರಿ ಜಿಲ್ಲೆಯ ಹುಡುಗ ಹುಡುಗಿಯರು ಸೇರುವ ದಾರಿಯಲ್ಲಿ ಒಂದು ಲಿಂಕರಿನ ಮೆಮೊರಿ ಮಿತಿ ಅಡ್ಡ ನಿಲ್ಲಬಾರದು.

ಸಿದ್ಧ ಪ್ಯಾಕೇಜನ್ನು ನಂಬುವ ಮಾತಿಗೆ ಇನ್ನೊಂದು ಮುಖವೂ ಇದೆ. ಕಂಪೈಲರಿನ ಸೋರ್ಸಿನಲ್ಲಿ ಸುಳಿವೇ ಇಲ್ಲದಂತೆ ಅದರ ಸಿದ್ಧರೂಪದಲ್ಲಿ ಕಳ್ಳದಾರಿಯೊಂದನ್ನು ಅಡಗಿಸಿಡಬಹುದು ಎಂದು ಕೆನ್ ಥಾಂಪ್ಸನ್ 1984ರಲ್ಲಿ ಪ್ರಕಟವಾದ ತಮ್ಮ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ ತೋರಿಸಿಕೊಟ್ಟಿದ್ದರು. ನಲವತ್ತು ವರ್ಷಗಳ ನಂತರ, 2024ರ ಮಾರ್ಚ್ 29ರಂದು, ಅದೇ ಜಾತಿಯ ಅಪಾಯ ಕಣ್ಣೆದುರು ಬಂತು. ಎಕ್ಸ್‌ಜಡ್ ಎಂಬ ಪುಟ್ಟ ಲೈಬ್ರರಿಯ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಕಳ್ಳಬಾಗಿಲು ಇಟ್ಟಿದ್ದರು. ಅದನ್ನು ಚಾಲೂ ಮಾಡುವ ತುಣುಕು ಎಲ್ಲರೂ ನೋಡುವ ಕೋಡ್ ಭಂಡಾರದಲ್ಲಿ ಇರಲಿಲ್ಲ. ಬಿಡುಗಡೆಯ ಕಟ್ಟಿನಲ್ಲಿದ್ದ ಬಿಲ್ಡ್ ಸ್ಕ್ರಿಪ್ಟಿನಲ್ಲಿತ್ತು, ಬಿಲ್ಡ್ ಆಗುವಾಗ ಒಳಸೇರುತ್ತಿತ್ತು. ಪೋಸ್ಟ್‌ಗ್ರೆಸ್ ಡೇಟಾಬೇಸಿನ ಡೆವಲಪರ್ ಆಂಡ್ರೆಸ್ ಫ್ರಾಯಿಂಡ್ ಅದನ್ನು ಹಿಡಿದರು. ಭದ್ರತೆ ಅವರ ವೃತ್ತಿಯಲ್ಲ. ತಮ್ಮ ಪರೀಕ್ಷೆಗೆಂದು ಕಂಪ್ಯೂಟರನ್ನು ಶಾಂತವಾಗಿಡಲು ನೋಡುತ್ತಿದ್ದಾಗ ಎಸ್‌ಎಸ್‌ಎಚ್ ಲಾಗಿನ್ನಿಗೆ ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿರುವುದು ಕಂಡಿತು, ಏಕೆ ಎಂದು ಬೆನ್ನು ಹತ್ತಿದರು. ಆ ಅರ್ಧ ಸೆಕೆಂಡನ್ನು ‘ಇರಲಿ ಬಿಡು’ ಎಂದಿದ್ದರೆ ಜಗತ್ತಿನ ಲೆಕ್ಕವಿಲ್ಲದಷ್ಟು ಸರ್ವರುಗಳಿಗೆ ಆ ಕಳ್ಳಬಾಗಿಲು ಹರಡಬಹುದಿತ್ತು. ತಡಕ್ಕೆ ಕಾರಣ ಕೇಳುವ ಅಭ್ಯಾಸವನ್ನು ನಾನು ಇಷ್ಟು ಒತ್ತಿ ಹೇಳುವುದು ಬರೀ ಸಮಯ ಉಳಿತಾಯದ ದೃಷ್ಟಿಯಿಂದ ಅಲ್ಲ ಎಂಬುದಕ್ಕೆ ಇದಕ್ಕಿಂತ ಬಲವಾದ ಪುರಾವೆ ನನ್ನ ಬಳಿ ಇಲ್ಲ.

ಹಾಗೆಂದು ವೇಗಕ್ಕಾಗಿ ಏನನ್ನು ಬೇಕಾದರೂ ಕತ್ತರಿಸಬಹುದೇ? ಬೂಟ್‌ಸ್ಟ್ರ್ಯಾಪ್ ನಿಲ್ಲಿಸಿದರೆ ಸಮಯ ಬಹಳ ಉಳಿಯುತ್ತದೆ, ಜೊತೆಗೆ ಒಂದು ಪರೀಕ್ಷೆಯೂ ಹೋಗುತ್ತದೆ: ಹೊಸ ಕಂಪೈಲರ್ ತನ್ನನ್ನು ತಾನೇ ಸರಿಯಾಗಿ ಕಂಪೈಲ್ ಮಾಡಬಲ್ಲದೇ ಎಂಬ ಪರೀಕ್ಷೆ. ಈ ಆಕ್ಷೇಪಣೆಯನ್ನು ನಾನು ಒಪ್ಪುತ್ತೇನೆ. ದಿನನಿತ್ಯದ ಪ್ರಯೋಗಕ್ಕೆ ಅದನ್ನು ನಿಲ್ಲಿಸಿ, ಬದಲಾವಣೆಯನ್ನು ಬೇರೆಯವರಿಗೆ ಕಳಿಸುವ ಮುನ್ನ ಒಮ್ಮೆ ರಾತ್ರಿಯಿಡೀ ಪೂರ್ತಿ ಓಡಿಸುವುದು ಸರಿ. ಆಂತರಿಕ ತಪಾಸಣೆಗಳೂ ಹಾಗೆಯೇ. ಕಂಪೈಲರಿನ ಕೋಡನ್ನೇ ತಿದ್ದುತ್ತಿರುವವರು ಅವನ್ನು ತೆಗೆದರೆ ತಪ್ಪು ಅಡಗಿಕೊಳ್ಳುತ್ತದೆ, ಬರೀ ಬಳಸುವವರಿಗೆ ಅವು ಬೇಡ. ಏನನ್ನು ಬಿಟ್ಟೆವು ಎಂದು ತಿಳಿದು ಬಿಡುವುದಕ್ಕೂ, ಎಲ್ಲಿಂದಲೋ ನಕಲು ಮಾಡಿದ ಸೂಚನೆಗಳನ್ನು ಅರ್ಥವಾಗದೆ ಅಂಟಿಸುವುದಕ್ಕೂ ಅಂತರ ದೊಡ್ಡದು.

ಕ್ಲೌಡ್ ಕಂಪ್ಯೂಟರ್ ಬಾಡಿಗೆಗೆ ಪಡೆಯಬಹುದಲ್ಲ ಎನ್ನುವವರಿದ್ದಾರೆ. ಪಡೆಯಬಹುದು, ಕೆಲವೊಮ್ಮೆ ಅದೇ ಸರಿಯಾದ ಉತ್ತರ. ಆದರೆ ಮಿತಿಯಿಲ್ಲದೆ ಲಿಂಕರುಗಳನ್ನು ಹಚ್ಚಿದ ಬಿಲ್ಡ್ ಅಲ್ಲೂ ಮೆಮೊರಿ ತಿನ್ನುತ್ತದೆ, ಬೇಡದ ಪ್ರೊಸೆಸರುಗಳ ಭಾಗಗಳು ಅಲ್ಲೂ ಕಂಪೈಲ್ ಆಗುತ್ತವೆ. ಅಲ್ಲಿ ಅದಕ್ಕೆ ಗಂಟೆಯ ಲೆಕ್ಕದಲ್ಲಿ ಬಿಲ್ ಬರುತ್ತದೆ. ಒಮ್ಮೆ ಮಾತ್ರ ಮಾಡಬೇಕಾದ ಬಿಲ್ಡಿಗೆ ಕಾರಣ ಹುಡುಕುತ್ತ ಕೂರುವುದಕ್ಕಿಂತ ರಾತ್ರಿ ಬಿಟ್ಟು ಮಲಗುವುದೇ ಜಾಣತನ, ಇದನ್ನೂ ಒಪ್ಪಬೇಕು. ಕಂಪೈಲರ್ ಕಲಿಯುವವರ ಬಿಲ್ಡ್ ಒಂದು ಸಲದ್ದಲ್ಲ. ತಿದ್ದು, ಬಿಲ್ಡ್ ಮಾಡು, ಪರೀಕ್ಷಿಸು ಎಂಬ ಸುತ್ತು ದಿನಕ್ಕೆ ಹತ್ತಾರು ಸಲ ನಡೆಯಬೇಕು. ಆ ಸುತ್ತಿಗೆ ಒಂದು ಗಂಟೆ ಬೇಕಾದರೆ ದಿನಕ್ಕೆ ಐದಾರು ಪ್ರಯೋಗ, ಎರಡು ನಿಮಿಷವಾದರೆ ತಲೆಗೆ ಹೊಳೆದದ್ದನ್ನೆಲ್ಲ ಪರೀಕ್ಷಿಸಿ ನೋಡಬಹುದು. ಆಂಡ್ರ್ಯೂ ಟ್ರಿಜೆಲ್ 2002ರಲ್ಲಿ ಬರೆದ ಸಿಸಿಕ್ಯಾಶ್, ಹಿಂದೆ ಕಂಪೈಲ್ ಮಾಡಿದ ಫೈಲ್ ಬದಲಾಗದಿದ್ದರೆ ಹಳೆಯ ಫಲವನ್ನೇ ಎತ್ತಿಕೊಡುತ್ತದೆ. ಈ ಸುತ್ತಿಗೆ ಅದರಷ್ಟು ನೆರವಾಗುವ ಉಚಿತ ಸಲಕರಣೆ ಕಡಿಮೆ.

ಈ ಎಲ್ಲವೂ ಕಾಲೇಜಿನ ಲ್ಯಾಬಿಗೆ ಏಕೆ ಬರಬೇಕು ಎಂಬುದನ್ನು ಈಗ ಹೇಳಬಹುದು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳು ಸಿಸ್ಟಮ್ ಸಾಫ್ಟ್‌ವೇರ್ ಲ್ಯಾಬಿನಲ್ಲಿ ಲೆಕ್ಸ್ ಮತ್ತು ಯಾಕ್ ಬಳಸಿ ಪುಟ್ಟ ಪಾರ್ಸರುಗಳನ್ನು ಹಲವು ವರ್ಷ ಬರೆಯುತ್ತಿದ್ದರು. ಅದು ಬೇಕಾದ ಅಭ್ಯಾಸವೇ. ಆದರೆ ಐವತ್ತು ಸಾಲಿನ ಆ ಪ್ರೋಗ್ರಾಂ ಕಣ್ಣು ಮಿಟುಕಿಸುವಷ್ಟರಲ್ಲಿ ಕಂಪೈಲ್ ಆಗುತ್ತದೆ. ನಿಜವಾದ ಕಂಪೈಲರಿನ ಗಾತ್ರ, ಅದರ ಹಸಿವು ಅದರಲ್ಲಿ ಕಾಣುವುದಿಲ್ಲ. ಒಂದು ಸೆಮಿಸ್ಟರಿನಲ್ಲಿ ಎರಡು ಲ್ಯಾಬ್ ಅವಧಿಗಳನ್ನು ಇದಕ್ಕೆ ಕೊಟ್ಟರೆ ಸಾಕು. ಲ್ಯಾಬಿನಲ್ಲಿರುವ ಹಳೆಯ ಕಂಪ್ಯೂಟರಿನಲ್ಲೇ ಎಲ್‌ಎಲ್‌ವಿಎಂ ಬಿಲ್ಡ್ ಹಚ್ಚಬೇಕು, ‘ಟೈಮ್’ ಕೊಡುವ ಮೂರು ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಬೇಕು, ತಡಕ್ಕೆ ಕಾರಣವೇನಿರಬಹುದೆಂದು ಮೊದಲೇ ಊಹಿಸಿ ಬರೆಯಬೇಕು. ಆಮೇಲೆ ಒಂದೇ ಒಂದು ಅಂಶವನ್ನು ಬದಲಿಸಿ ಮತ್ತೆ ಅಳೆಯಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ಗೊತ್ತಾಗುವುದಿಲ್ಲ ಎಂಬುದನ್ನು ಅವರೇ ಕಂಡುಕೊಳ್ಳಲಿ. ರೆಕಾರ್ಡ್ ಪುಸ್ತಕದಲ್ಲಿ ಅಂಕ ಸಿಗಬೇಕಾದದ್ದು ಬಿಲ್ಡ್ ಬೇಗ ಮುಗಿಸಿದ್ದಕ್ಕಲ್ಲ, ಊಹೆ ಸುಳ್ಳಾಯಿತೋ ನಿಜವಾಯಿತೋ ಎಂಬುದನ್ನು ಪುರಾವೆಯೊಂದಿಗೆ ಬರೆದದ್ದಕ್ಕೆ. ಪ್ರೊಸೆಸರ್ ಯಾವುದು, ಮೆಮೊರಿ ಎಷ್ಟು, ಡಿಸ್ಕ್ ಯಾವ ಬಗೆಯದು, ಏನೇನನ್ನು ಆರಿಸಿದ್ದರು, ರಿಯಲ್, ಯೂಸರ್, ಸಿಸ್ ಎಷ್ಟೆಷ್ಟು ಎಂಬ ಪಟ್ಟಿಯನ್ನು ಪ್ರತಿ ತಂಡವೂ ಲ್ಯಾಬಿನಲ್ಲೇ ಬಿಟ್ಟು ಹೋಗಲಿ. ಮುಂದಿನ ವರ್ಷ ಬರುವವರ ಬಿಲ್ಡ್ ತಡವಾದಾಗ ಅದು ಅಸಹಜವೋ ಸಹಜವೋ ಎಂದು ತಿಳಿಯಲು ಅವರು ಕ್ಯಾಲಿಫೋರ್ನಿಯಾದ ಯಾರದೋ 32 ಕೋರ್ ಮೆಷಿನ್ನಿಗೆ ಹೋಲಿಸಿಕೊಂಡು ಎದೆಗುಂದಬೇಕಾಗಿಲ್ಲ. ಅದೇ ಲ್ಯಾಬಿನ, ಅದೇ ಕಂಪ್ಯೂಟರಿನ ಹೋದ ವರ್ಷದ ಲೆಕ್ಕ ಅವರ ಮುಂದಿರುತ್ತದೆ.